ಹುಲಿಗೆಪ್ಪ ಬಿಸಿಲು ತರಲು ಹೋದದ್ದು

ನಗುವುದಾದರೆ ಮೆಲ್ಲಗೆ ನಗಿ. ಹುಲಿಗೆಪ್ಪನ ತಾಯಿಯ ಕಿವಿ ಬಹಳ ಚುರುಕು.

ಕೃಷ್ಣಾ ಹೊಳೆಯ ಮಧ್ಯೆ ಒಂದು ನಡುಗಡ್ಡೆ. ಅದರ ಮೇಲೆ ಸಿಸ್ಟರ್ ಬೆನೆಡಿಕ್ಟಾ ನಡೆಸುವ ಧರ್ಮಾಸ್ಪತ್ರೆ. ಅಂಬವ್ವ ಅಲ್ಲಿ ಅಡುಗೆಯವಳು, ಅವಳ ಮಗ ಹುಲಿಗೆಪ್ಪ ಜನರೇಟರ್ ಕಾಯುವವನು. ಆಳು ಎತ್ತರ, ತೋಳು ಗಟ್ಟಿ, ಮನಸ್ಸು ಹತ್ತಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ತೊಂದರೆ. "ಇವಗ ಏನು ಹೇಳ್ಲಿ, ಏನು ಬಿಡ್ಲಿ" ಅಂತ ಅಂಬವ್ವ ರೊಟ್ಟಿ ಬಡಿಯುತ್ತಾ ನಿಟ್ಟುಸಿರು ಬಿಡುತ್ತಿದ್ದಳು.

ಡೀಸೆಲ್ ಬರಬೇಕಾದರೆ ತೆಪ್ಪದಲ್ಲೇ ಬರಬೇಕು. ಹೊಳೆ ತುಂಬಿದರೆ ತೆಪ್ಪ ಇಲ್ಲ. ತೆಪ್ಪ ಇಲ್ಲದಿದ್ದರೆ ಡೀಸೆಲ್ ಇಲ್ಲ, ಕರೆಂಟಿಲ್ಲ, ಫ್ರಿಜ್ಜಿನ ಔಷಧಿ ಕೆಡುತ್ತದೆ. ಹಿಂದಿನ ಮಳೆಗಾಲ ಹಾಗೆ ಕೆಟ್ಟ ಔಷಧಿಯಿಂದಾಗಿ ಹಾವು ಕಚ್ಚಿದ ಹುಡುಗಿಯೊಬ್ಬಳು ಉಳಿಯಲಿಲ್ಲ. ಸಿಸ್ಟರ್ ಆಮೇಲೆ ಜನರೇಟರ್ ಕಡೆ ತಿರುಗಿ ನೋಡಲಿಲ್ಲ. ಊರೂರು ಅಲೆದು, ಕಂಡವರನ್ನು ಕೇಳಿ, ಆಸ್ಪತ್ರೆಯ ಮಾಳಿಗೆ ತುಂಬ ಸೋಲಾರ್ ಪ್ಲೇಟು ಹಾಕಿಸಿದರು.

"ಹುಲಿಗೆಪ್ಪ, ಇನ್ನು ಕರೆಂಟು ಕೊಡೋದು ಇವೇ. ಜನರೇಟರನ್ನ ನೋಡಿಕೊಂಡ ಹಾಗೇ ಇವನ್ನೂ ನೋಡಿಕೋ" ಅಂದರು.

ಆಗಲಿ ಅಂದ ಹುಲಿಗೆಪ್ಪ. ಬೆಳಿಗ್ಗೆ ಎದ್ದ, ಉಳಿದಿದ್ದ ಡೀಸೆಲ್ ಹೊತ್ತು ಮಾಳಿಗೆ ಹತ್ತಿದ, ಒಂದೊಂದು ಪ್ಲೇಟಿಗೂ ಪ್ರೀತಿಯಿಂದ ಸುರಿದ. ಸೂರೆಲ್ಲ ಕಾಮನಬಿಲ್ಲಿನ ಬಣ್ಣವಾಯಿತು.

ಅಂಬವ್ವ ಹಣೆ ಹಣೆ ಬಡಿದುಕೊಂಡಳು. "ಏನ್ ಮಾಡಿದ್ಯೋ ಯಪ್ಪಾ."

"ಹೊಟ್ಟಿ ತುಂಬಿಸೀನಿ ಯವ್ವಾ."

"ಅವು ಎಣ್ಣಿ ಕುಡಿಯಂಗಿಲ್ಲೋ. ನೀರಾಗ ತೊಳಿಬೇಕು, ಬಿಸಲಿಗೆ ಬಿಡಬೇಕು. ತಿಳೀತಾ?"

"ತಿಳೀತು. ನೀರಾಗ ತೊಳಿಬೇಕು, ಬಿಸಲಿಗೆ ಬಿಡಬೇಕು."

ಮರುವಾರ ಆಚೆ ದಡದಿಂದ ಮಕ್ಕಳ ಲಸಿಕೆಯ ಪೆಟ್ಟಿಗೆ ಬಂತು. ತೆಪ್ಪದವನು ಅದನ್ನು ಹುಲಿಗೆಪ್ಪನ ಕೈಗೆ ಕೊಟ್ಟು, "ಕರೆಂಟಿನ ಸಾಮಾನು ನೋಡಿಕೊಳ್ಳಾಂವ ನೀನಽ ಅಲ್ಲಾ? ಇದನ್ನೂ ಅದರ ಜೋಡಿ ಇಡು" ಅಂದ. ಫ್ರಿಜ್ಜಿನಲ್ಲಿಡು ಅಂತ ಅವನ ಅರ್ಥ. ಹುಲಿಗೆಪ್ಪ ಪೆಟ್ಟಿಗೆ ಬಿಚ್ಚಿದ, ಐಸು ತೆಗೆದು ಹೊಳೆಗೆ ಹಾಕಿದ, ಪುಟ್ಟ ಪುಟ್ಟ ಸೀಸೆಗಳನ್ನು ನೀರಲ್ಲಿ ತೊಳೆದ, ಮಾಳಿಗೆಯ ಮೇಲೆ ಪ್ಲೇಟುಗಳ ಪಕ್ಕ ಬಿಸಿಲಿಗೆ ಹರವಿದ. ಹರವಿ, ಅವು ಮಿನುಗುವುದನ್ನು ನೋಡುತ್ತಾ ಕೂತ.

ಸಿಸ್ಟರ್ ನೋಡಿ ಬಾಯಿಗೆ ಸೆರಗು ಒತ್ತಿಕೊಂಡರು. ಬೈದವಳು ಅಂಬವ್ವ.

"ಲಸಿಕಿ ಬಿಸಲಿಗೆ ಇಡತಾರೇನೋ? ಕೈಗೆ ಬಿಸಿ ಹತ್ತಿದ್ರ ಹಸಿ ಅರಿವಿ ಹೊಚ್ಚಬೇಕು, ನೆಳ್ಳು ಮಾಡಬೇಕು."

"ಹಸಿ ಅರಿವಿ ಹೊಚ್ಚಬೇಕು, ನೆಳ್ಳು ಮಾಡಬೇಕು" ಅಂದ ಹುಲಿಗೆಪ್ಪ. ಕಲಿತೆ ಅಂತ ಅವನಿಗೆ ಸಂತೋಷ.

ಮರುದಿನ ಪ್ಲೇಟಿನ ಮೇಲೆ ಕೈಯಿಟ್ಟು ನೋಡಿದ. ಸುಡುತ್ತಿತ್ತು. ಪಾಪ ಅನ್ನಿಸಿತು. ಒಗೆದು ಒಣಹಾಕಿದ್ದ ಸಿಸ್ಟರ ಬಿಳಿ ಸೀರೆಗಳು, ಹಾಸಿಗೆಯ ಚಾದರಗಳು, ಎಲ್ಲವನ್ನೂ ಹೊಳೆಯಲ್ಲಿ ಅದ್ದಿ ಒಂದನ್ನೂ ಬಿಡದೆ ಹೊಚ್ಚಿದ. ದೂರದಿಂದ ನೋಡಿದವರಿಗೆ ಕೊಕ್ಕರೆಗಳ ಹಿಂಡು ಬಂದು ಆಸ್ಪತ್ರೆಯ ಮೇಲೆ ಮಲಗಿದಂತೆ ಕಂಡಿತು. ಒಳಗೆ ಫ್ರಿಜ್ಜು ಗುನುಗುವುದನ್ನು ನಿಲ್ಲಿಸಿತು.

ಈ ಸಲ ಅಂಬವ್ವನಿಗೆ ಬಯ್ಯಲೂ ಶಕ್ತಿ ಇರಲಿಲ್ಲ. ಮಗನ ಪಕ್ಕ ಕೂತು ನಿಧಾನವಾಗಿ ಹೇಳಿದಳು. "ನೋಡಪ್ಪಾ, ಪ್ಲೇಟಿಗೆ ಬಿಸಲಽ ಉಣ್ಣಾಕ. ಬಿಸಲು ಎಲ್ಲೈತೋ ಅತ್ತ ಅದರ ಮಾರಿ ಇರಬೇಕು. ಬಿಸಲು ಬಿಟ್ಟು ಅಗಲಬಾರದು."

"ಅಗಲಬಾರದು" ಅಂದ ಹುಲಿಗೆಪ್ಪ.

ಆಮೇಲೆ ಮಳೆ ಹಿಡಿಯಿತು, ಹೊಳೆ ಮಾತ್ರ ಇನ್ನೂ ತುಂಬಿರಲಿಲ್ಲ. ದಿನಗಳು ಬೂದಿಯ ಬಣ್ಣವಾದವು. ಬ್ಯಾಟರಿಯಲ್ಲಿದ್ದದ್ದು ಫ್ರಿಜ್ಜಿಗೆ ಸಾಲುವಷ್ಟೇ. ಅಂಥ ಒಂದು ಮಧ್ಯಾಹ್ನ ಆಚೆ ದಡದಿಂದ ಆಸ್ಪತ್ರೆಗೆ ಬಂದಿದ್ದ ನಿಂಬೆವ್ವನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸು ಅಂಗೈಯಗಲ, ಮೈ ತಣ್ಣಗೆ. ಕಾವು ಕೊಡುವ ದೀಪ ಹಚ್ಚಲು ಕರೆಂಟಿಲ್ಲ. ನಿಂಬೆವ್ವ ಕೂಸನ್ನು ಎದೆಗವಚಿಕೊಂಡಳು. ಅವಳೂ ನಡುಗುತ್ತಿದ್ದಳು. ಅಂಬವ್ವ ಒಲೆ ಹಚ್ಚಲು ಹಸಿ ಕಟ್ಟಿಗೆಯೊಡನೆ ಗುದ್ದಾಡುತ್ತಿದ್ದಳು.

"ಒಂದು ಬೊಗಸೆ ಬಿಸಿಲು ಸಿಕ್ಕಿದ್ದರೆ" ಅಂದರು ಸಿಸ್ಟರ್, ತಮ್ಮಷ್ಟಕ್ಕೆ.

ಬಾಗಿಲಲ್ಲಿ ಹುಲಿಗೆಪ್ಪ ನಿಂತಿದ್ದ. ಮಾಳಿಗೆ ಹತ್ತಿ ನೋಡಿದ. ಆಕಾಶವೆಲ್ಲ ಮೋಡ. ಆದರೆ ದೂರ, ಹೊಳೆ ಹರಿದು ಹೋಗುವ ಕಡೆ, ನೀರಿನ ಮೇಲೆ ಹಳದಿ ಬಿಸಿಲೊಂದು ಮಡಿಸಿಟ್ಟ ಧೋತರದಂತೆ ಬಿದ್ದಿತ್ತು. ಒಂದು ಪ್ಲೇಟಿನ ನಟ್ಟು ಬಿಚ್ಚಿದ, ಹೊತ್ತು ಇಳಿದ, ತೆಪ್ಪದಲ್ಲಿ ಅಂಗಾತ ಮಲಗಿಸಿದ, ಹುಟ್ಟು ಹಾಕಿದ.

ಅವನು ಹತ್ತಿರ ಹೋದಂತೆ ಬಿಸಿಲು ಸರಿಯಿತು. ಅವನೂ ಸರಿದ. ಬಿಸಿಲು ಜಾಲಿಗಿಡದ ದಡ ದಾಟಿತು, ಅವನೂ ದಾಟಿದ. ತೆಪ್ಪ ಮೆಲ್ಲಗೆ ತಿರುಗುತ್ತಿತ್ತು, ತಿರುಗಿದಾಗಲೆಲ್ಲ ಪ್ಲೇಟಿನ ಮುಖವನ್ನು ಬಿಸಿಲಿನ ಕಡೆ ತಿರುಗಿಸುತ್ತಿದ್ದ. ಕೊನೆಗೆ ಬಿಸಿಲಿಗೇ ದಣಿವಾಯಿತೋ ಏನೋ, ಒಂದು ಮಡುವಿನ ಮೇಲೆ ನಿಂತಿತು. ಹುಲಿಗೆಪ್ಪ ಅದರೊಳಗೆ ಕೂತ. ಮೈ ಬೆಚ್ಚಗಾಯಿತು. ಸುತ್ತ ಎಲ್ಲೆಲ್ಲೂ ಮಳೆ ಬೀಳುತ್ತಿತ್ತು, ಅವನ ಮೇಲೆ ಮಾತ್ರ ಇಲ್ಲ. ಪ್ಲೇಟು ತುಂಬಿತು ಅನ್ನಿಸಿದಾಗ ತನ್ನ ಕಂಬಳಿ ಹೊಚ್ಚಿ ಬಿಗಿಯಾಗಿ ಕಟ್ಟಿ, ಮರಳಿದ.

ಹೊತ್ತು ಮುಳುಗುವಾಗ ಆಸ್ಪತ್ರೆಗೆ ಬಂದ. ಪ್ಲೇಟನ್ನು ತುಂಬಿದ ಕೊಡದ ಹಾಗೆ ಅಲುಗದಂತೆ ಹಿಡಿದಿದ್ದ, ಪಾದ ಎತ್ತಿ ಎತ್ತಿ ಇಡುತ್ತಿದ್ದ.

"ಎಲ್ಲಿ ಹೋಗಿದ್ದ್ಯೋ" ಅಂದಳು ಅಂಬವ್ವ.

"ತಡಿ ಯವ್ವಾ, ಚೆಲ್ಲತೈತಿ."

ಕಂಬಳಿ ಬಿಚ್ಚಿದ. ಸಿಸ್ಟರ್ ಆ ಕಂಬಳಿಯನ್ನು ಮುಟ್ಟಿದರು. ಬಿಸಿಲಿಗೆ ಕಾದ ಪ್ಲೇಟಿನ ಮೇಲಿದ್ದದ್ದು, ಇನ್ನೂ ಹೂಬೆಚ್ಚಗಿತ್ತು. ತಾಯಿಯನ್ನೂ ಕೂಸನ್ನೂ ಅದರಲ್ಲಿ ಸುತ್ತಿದರು. ಸ್ವಲ್ಪ ಹೊತ್ತಿಗೆ ಕೂಸು ಬಾಯಿ ತೆರೆದು ತೆಳ್ಳಗೆ ಅತ್ತಿತು.

ಹುಲಿಗೆಪ್ಪ ಅದೊಂದನ್ನೂ ನೋಡಲಿಲ್ಲ. ಅವನಿಗೆ ಅವನ ಕೆಲಸ. ಪ್ಲೇಟನ್ನು ಕೂಸಿನ ಕಡೆ ವಾಲಿಸಿ, ಉಸಿರು ಹಿಡಿದು, ಸುರಿಯುತ್ತಾ ನಿಂತಿದ್ದ. ತೋಳು ನಡುಗಿದರೂ ಇಳಿಸಲಿಲ್ಲ.

ಅಂಬವ್ವ ಬಯ್ಯಲು ಬಾಯಿ ತೆರೆದಳು. ಆಮೇಲೆ ಮಗನ ಬೆನ್ನ ಮೇಲೆ ಕೈಯಿಟ್ಟಳು.

"ಸಾಕಪ್ಪಾ. ತುಂಬ್ತು."

ಹುಲಿಗೆಪ್ಪ ಮೂಲೆಯ ಹನಿಯನ್ನೂ ಕೊಡವಿ, ತೊಳೆದಿಟ್ಟ ಪಾತ್ರೆಯ ಹಾಗೆ ಪ್ಲೇಟನ್ನು ಗೋಡೆಯ ಬದಿ ಬೋರಲು ಹಾಕಿದ.