ಯಾರ ಅಪ್ಪಣೆಯೂ ಇಲ್ಲದ ಗೂಡು

"ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಕೊಡುತ್ತೇವೆ; ಒಂದು ತಪ್ಪಿದರೂ ತಲೆ ತೆಗೆಯುತ್ತೇವೆ" ಎಂದು ಬೆಳ್ಗೋಡಿನ ಅರಸ ನಾಗರಸ ಡಂಗುರ ಹೊಡೆಸಿದ. ತಲೆ ತೆಗೆಯುವುದರಲ್ಲಿ ಅವನದು ಮೊದಲಿನಿಂದಲೂ ಧಾರಾಳ ಕೈ.

ಆ ರಾಜ್ಯದಲ್ಲಿ ಪ್ರತಿ ಮನೆಯ ಮೇಲೂ ಸೋಲಾರ್, ಒಳಗೊಂದು ಬ್ಯಾಟರಿ. ಇದ್ದು ಏನು ಬಂತು? ಅರಮನೆಯ ಗಂಟೆ ಬಾರಿಸದೆ ಯಾರೂ ಸ್ವಿಚ್ ಮುಟ್ಟುವಂತಿಲ್ಲ. ಸಂಜೆ ಗಂಟೆ ಬಾರಿಸಿದ್ದೇ ತಡ, ಊರಿಗೆ ಊರೇ ಪಂಪು, ಒಲೆ, ದೀಪ ಒಟ್ಟಿಗೆ ಹಾಕುತ್ತಿತ್ತು, ಮನೆಮನೆಗಳನ್ನು ಜೋಡಿಸಿದ ತಂತಿ ಸುಟ್ಟುಹೋಗುತ್ತಿತ್ತು. ಮೂರನೆಯ ಸಲ ಸುಟ್ಟಾಗ ಅರಸ ಲೈನ್‌ಮನ್ ಸಣ್ಣೀರನನ್ನು ಸೆರೆಗೆ ಹಾಕಿಸಿ, ಶುಕ್ರವಾರ ನೇಣು ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಸಣ್ಣೀರನ ತಂಗಿ ಚಿಕ್ಕತಾಯಿ ಜೇನು ಬಿಡಿಸಿ ಬದುಕುವವಳು. ಗುರುವಾರ ಅವಳು ಸಭೆಗೆ ಬಂದಾಗ ಪಂಡಿತನೊಬ್ಬ ಎದ್ದು ನಿಂತಿದ್ದ. ಮೇಸ್ತ್ರಿಯಿಲ್ಲದೆ ಆಳೆತ್ತರದ ಮನೆ ಕಟ್ಟುವವರು ಯಾರು ಎಂದು ಅರಸ ಕೇಳಿದ. ವಿಶ್ವಕರ್ಮ ಎಂದ ಪಂಡಿತನನ್ನು ಎಳೆದೊಯ್ದರು. ನೆರೆರಾಜ್ಯದ ರಾಜಕುಮಾರ ಆ ಒಗಟು ಬಿಡಿಸಿ ದಾಟಿದ. ದಾರಿ ತೋರಿಸುವವನಿಲ್ಲದೆ ಸಾಲು ತಪ್ಪದೆ ನಡೆಯುವವರು ಯಾರು ಎಂಬುದನ್ನೂ ದಾಟಿದ. ಆಗ ಅರಸ ಮೂರನೆಯದನ್ನು ಒಡ್ಡಿದ: "ಮನೆ ಬಿಸಿಯಾದರೆ ಸಾವಿರ ಬೀಸಣಿಗೆ ಬೀಸುತ್ತವೆ. ಬೀಸಿ ಎಂದವರಿಲ್ಲ, ಒಟ್ಟಿಗೆ ಶುರುವಾಗುವುದೂ ಇಲ್ಲ. ಏನದು?" ಅರಮನೆಯ ಆಳುಗಳು ಎಂದ ರಾಜಕುಮಾರನನ್ನೂ ಎಳೆದೊಯ್ದರು.

ಚಿಕ್ಕತಾಯಿ ಮುಂದೆ ಬಂದಳು. "ಗೆದ್ದಲು, ಇರುವೆ, ಜೇನು, ಬುದ್ಧಿ. ಒಂದು ಗೆದ್ದಲು ಇಟ್ಟ ಹಸಿಮಣ್ಣಿನ ಮೇಲೇ ಇನ್ನೊಂದು ಮಣ್ಣಿಡ್ತದೆ. ಮುಂದೆ ಹೋದ ಇರುವೆ ವಾಸನೆ ಹಿಡಿದು ಹಿಂದಿನದು ಬರ್ತದೆ. ಜೇನ್ಹುಳದಲ್ಲಿ ಒಂದಕ್ಕೆ ಬೇಗ ಸೆಕೆಯಾಗ್ತದೆ, ಇನ್ನೊಂದು ತಡಕೊಳ್ತದೆ. ಅದಕ್ಕೇ ಎಲ್ಲಾ ಒಂದೇ ಸಲ ರೆಕ್ಕೆ ಬೀಸಲ್ಲ, ಒಂದೇ ಸಲ ನಿಲ್ಸಲ್ಲ. ಗೂಡು ತಂಪಾಗಿರ್ತದೆ."

ಅರಸ ಮೀಸೆ ತಿರುವಿದ. ಈ ಉತ್ತರಗಳು ತನಗೆ ಚಿಕ್ಕಂದಿನಿಂದಲೂ ಬಾಯಿಪಾಠ ಎಂದ.

ಅವಳ ಮೈ ಉರಿದುಹೋಯಿತು. "ಗೊತ್ತಿದ್ದೂ ಗಂಟೆ ಬಾರಿಸಿ ಊರನ್ನೆಲ್ಲ ಒಂದೇ ತಂತಿ ಮೇಲೆ ಬೀಳಿಸಿದ್ರಾ? ತಂತಿ ಮೇಲಿನ ಭಾರ ನೋಡ್ಕೊಂಡು ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಸ್ವಿಚ್ ಹಾಕಿದ್ರೆ, ಬ್ಯಾಟರಿ ತುಂಬಿದೋರು ಪಕ್ಕದ ಮನೆಗೆ ಕೊಟ್ಟಿದ್ರೆ ಸುಡ್ತಿತ್ತಾ? ಸುಟ್ಟೋರು ನೀವು. ನೇಣು ಮಾತ್ರ ನಮ್ಮಣ್ಣಂಗೆ. ಗಂಟೆ ಇಳಿಸಿ, ಅವನನ್ನ ಬಿಡಿ."

ಸಭೆ ತುಂಬಾ ಜನ ಕೇಳಿಸಿಕೊಂಡಿದ್ದರು, ಮಾತು ತಪ್ಪುವಂತಿರಲಿಲ್ಲ. ಅರಸ ಗಂಟೆ ಇಳಿಸಿದ. ಅಂದು ಸಂಜೆ ಜನ ಸರದಿಯಲ್ಲಿ ಸ್ವಿಚ್ ಹಾಕಿದರು, ತಂತಿ ತಣ್ಣಗಿತ್ತು.

ಸೆರೆಮನೆಯ ಬಾಗಿಲಲ್ಲಿ ಸಣ್ಣೀರ ಕೇಳಿದ: "ನನ್ನ ತಪ್ಪಿಲ್ಲ ಅಂತ ಒಪ್ಪಿಕೊಂಡ್ರಾ?"

"ಇಲ್ಲಣ್ಣ" ಎಂದಳು ಚಿಕ್ಕತಾಯಿ. "ನಿನ್ನನ್ನ ನನಗೆ ಬಹುಮಾನ ಅಂತ ಕೊಟ್ರು."