ತಗ್ಗಿ ತಗ್ಗಿ ತೆಳುವಾದ ವಾಷರ್

ಜೀಪಿನ ಎಂಜಿನ್ ತಳದಲ್ಲಿ ಆಯಿಲ್ ಇಳಿಸುವ ತೂತಿಗೆ ಕಾವಲಿದ್ದ ಬೋಲ್ಟಿಗೆ ತನ್ನ ಬಿಗಿಯ ಬಗ್ಗೆ ಬಲು ಜಂಬ. ಒಂದು ದಿನ ಅದರ ಅಂಚಿನಿಂದಲೇ ಆಯಿಲ್ ತೊಟ್ಟಿಕ್ಕತೊಡಗಿತು. ಬೋಲ್ಟಿಗೆ ಮರ್ಯಾದೆ ಹೋದಂತಾಯಿತು.

"ಸ್ಪ್ಯಾನರಣ್ಣಾ, ನನ್ನನ್ನು ಬಿಗಿ ಮಾಡು," ಎಂದಿತು.

ಸ್ಪ್ಯಾನರ್ ತಿರುಗಿಸಿತು. ಸೋರಿಕೆ ನಿಲ್ಲಲಿಲ್ಲ.

"ಇನ್ನೂ ಬಿಗಿ ಮಾಡು!"

ಆಗ ಬೋಲ್ಟಿನ ತಲೆಯಡಿ ಸಿಕ್ಕಿಕೊಂಡಿದ್ದ ತಾಮ್ರದ ವಾಷರ್ ಬಾಯಿಬಿಟ್ಟಿತು: "ಸಾಕು ಮಾಡು, ಬೋಲ್ಟಣ್ಣಾ. ಇಷ್ಟು ದಿನ ಆಯಿಲ್ ತಡೆದದ್ದು ನಿನ್ನ ಬಿಗಿಯೊಂದೇ ಅಲ್ಲ. ನೀನು ಒತ್ತಿದಾಗಲೆಲ್ಲ ನಾನು ತಗ್ಗಿ ಸಂದು ಮುಚ್ಚುತ್ತಿದ್ದೆ. ಇನ್ನು ತಗ್ಗಲು ನನ್ನಲ್ಲಿ ಏನೂ ಉಳಿದಿಲ್ಲ. ಮತ್ತೆ ತಿರುಗಿದರೆ ನಿನ್ನ ಮೈಸುತ್ತಿನ ಥ್ರೆಡ್ಡೇ ಕಿತ್ತುಹೋದೀತು. ಆಯಿಲೆಲ್ಲ ಸೋರಿ ಎಂಜಿನ್ನೂ ಕೆಟ್ಟೀತು."

ಬೋಲ್ಟು ನಂಬಲಿಲ್ಲ. ಆದರೆ ಮೆಕ್ಯಾನಿಕ್ ಬಂದವನೇ ಬೋಲ್ಟು ಬಿಚ್ಚಿ, ಸವೆದ ವಾಷರನ್ನು ಬಿಸಾಡಿ, ಹೊಸದನ್ನು ಹಾಕಿದ. ಸ್ಪ್ಯಾನರ್ ತಿರುಗಿಸಿತು. ಸೋರಿಕೆ ನಿಂತಿತು.

"ಇನ್ನೂ ಬಿಗಿ ಮಾಡಲೇ?" ಎಂದು ಕೇಳಿತು ಸ್ಪ್ಯಾನರ್, ಹಳೆಯ ಅಭ್ಯಾಸದಂತೆ.

ತನ್ನ ತಲೆಯಡಿ ಹೊಸ ವಾಷರ್ ಸದ್ದಿಲ್ಲದೆ ತಗ್ಗಿದ್ದು ಬೋಲ್ಟಿಗೆ ಅದೇ ಮೊದಲ ಸಲ ಗೊತ್ತಾಗಿತ್ತು.

"ಬೇಡ," ಎಂದಿತು. "ನಾಳೆ ತಗ್ಗಲೂ ಇದರಲ್ಲಿ ಸ್ವಲ್ಪ ಉಳಿಯಲಿ."