ಹಸುವಿನ ಯಾವ ಮಗ್ಗುಲು?

ಒಂದು ಪಶುವೈದ್ಯ ಕಾಲೇಜಿನಲ್ಲಿ ಪಾಠ ಎರಡು ಬಗೆಯಲ್ಲಿ ನಡೆಯುತ್ತಿತ್ತು. ವಾರವೆಲ್ಲ ಮೊಬೈಲಿನಲ್ಲಿ ವಿಡಿಯೋ ಪಾಠ, ಶನಿವಾರ ಕೊಟ್ಟಿಗೆಯಲ್ಲಿ ಕೈಪಾಠ. ಇಂಚರ ಎಂಬ ವಿದ್ಯಾರ್ಥಿನಿಗೆ ಮೊಬೈಲೇ ಹಿತ. ತಿಳಿಯದಿದ್ದರೆ ಹಿಂದಕ್ಕೆ ಸರಿಸಿ ಮತ್ತೆ ನೋಡಬಹುದು. ಕೊಟ್ಟಿಗೆಯಲ್ಲಾದರೆ ಸಗಣಿ ತುಳಿಯಬೇಕು, ಎಲ್ಲರೆದುರು ತಪ್ಪು ಮಾಡಬೇಕು. ಶನಿವಾರ ಬಂತೆಂದರೆ ಅವಳಿಗೆ ತಲೆನೋವೂ ಬರುತ್ತಿತ್ತು.

ಒಂದು ಬೆಳಿಗ್ಗೆ ಪುಟ್ಟತಾಯಮ್ಮ ಎಂಬಾಕೆ ಹೊಟ್ಟೆಯುಬ್ಬಿದ ಹಸುವನ್ನು ಟೆಂಪೋದಲ್ಲಿ ಹೇರಿಕೊಂಡು ಕಾಲೇಜಿಗೆ ಬಂದರು. ಹಸು ನಾಲಿಗೆ ಚಾಚಿ ಏದುಸಿರು ಬಿಡುತ್ತಿತ್ತು. ಹೊಟ್ಟೆಯ ಗಾಳಿ ಬೇಗ ಹೊರಬರದಿದ್ದರೆ ಅದು ಉಳಿಯುವಂತಿರಲಿಲ್ಲ. ಮೇಷ್ಟ್ರು ನಂಜುಂಡಯ್ಯನವರು ದಪ್ಪ ಸೂಜಿಯನ್ನು ಇಂಚರಳ ಕೈಗಿತ್ತರು.

"ನೀನೇ ಮಾಡಮ್ಮ. ನಾನಿಲ್ಲೇ ಇದ್ದೀನಿ."

"ಬೇಗ ಮಾಡವ್ವ," ಎಂದರು ಪುಟ್ಟತಾಯಮ್ಮ. "ನಮ್ಮನೇಲಿ ಹಾಲು ಕೊಡೋದು ಇದೊಂದೇಯ."

ಹೊಟ್ಟೆಗೆ ಸೂಜಿ ಚುಚ್ಚಿ ಗಾಳಿ ಬಿಡಿಸುವ ವಿಡಿಯೋ ಇಂಚರಳಿಗೆ ಬಾಯಿಪಾಠವಾಗಿತ್ತು. ಆದರೆ ಯಾವ ಮಗ್ಗುಲು? ಪುಸ್ತಕದಲ್ಲಿ ಎಡ ಎಂದಿತ್ತು. ವಿಡಿಯೋದಲ್ಲಿ ಮೇಷ್ಟ್ರು ಚುಚ್ಚಿದ್ದು ಬಲಕ್ಕೆ. ಎಡವೆಂದರೆ ಹಸುವಿನ ಎಡವೋ, ತನ್ನ ಎಡವೋ? ಈ ಅನುಮಾನ ಅವಳಿಗೆ ಹಿಂದೆಯೇ ಬಂದಿತ್ತು. ಕೇಳಲೆಂದು ಒಂದು ಶನಿವಾರವೂ ಹೋಗಿರಲಿಲ್ಲ. ಕಣ್ಣಾರೆ ಕಂಡದ್ದನ್ನೇ ನಂಬಿ ಬಲಕ್ಕೆ ನಡೆದಳು.

"ತಡಿ," ಎಂದರು ಮೇಷ್ಟ್ರು. "ಚುಚ್ಚೋ ಮುಂಚೆ ತಟ್ಟಿ ನೋಡು. ಎರಡೂ ಕಡೆ."

ಬಲಕ್ಕೆ ತಟ್ಟಿದಳು. ಮಂಕು ಸದ್ದು. ಎಡಕ್ಕೆ ಬಂದು ತಟ್ಟಿದಳು. ತಮಟೆಯಂತೆ ನುಡಿಯಿತು. ಅಲ್ಲೇ ಚುಚ್ಚಿದಳು. ಸೂಜಿ ಎಷ್ಟು ಓರೆ, ಎಷ್ಟು ಆಳ ಎಂಬುದನ್ನು ಅಷ್ಟು ಸಲ ನೋಡಿದ್ದಳಲ್ಲ, ಅದರಲ್ಲಿ ಕೈ ತಪ್ಪಲಿಲ್ಲ. ಬುಸ್ಸೆಂದು ಗಾಳಿ ಹೊರಟಿತು. ಪುಟ್ಟತಾಯಮ್ಮ ಹಸುವಿನ ಕೊರಳಿಗೆ ಹಣೆ ಹಚ್ಚಿ ಅತ್ತುಬಿಟ್ಟರು.

"ವಿಡಿಯೋದಲ್ಲಿ ಬಲಗಡೆ ಚುಚ್ಚಿದ್ರಿ, ಸಾರ್," ಎಂದಳು ಇಂಚರ ಮೆಲ್ಲಗೆ.

ಮೇಷ್ಟ್ರು ಮೊಬೈಲು ಇಸಿದುಕೊಂಡು ನೋಡಿದರು. ಅವರ ಮುಖ ಬಿಳಿಚಿಕೊಂಡಿತು. ಅವರು ಅದನ್ನು ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದಿದ್ದರು. ಕನ್ನಡಿಯಲ್ಲಿ ಕಂಡಂತೆ ಹಸುವಿನ ಎಡವೆಲ್ಲ ಬಲವಾಗಿತ್ತು.

"ತಪ್ಪು ನಂದು," ಎಂದರು. "ಆದ್ರೆ ನೀನು ಒಂದು ಶನಿವಾರ ಬಂದು ಕೇಳಿದ್ದಿದ್ರೆ, ನನ್ನ ತಪ್ಪು ನಂಗೆ ಅವತ್ತೇ ಗೊತ್ತಾಗ್ತಿತ್ತು."

ಮುಂದಿನ ಶನಿವಾರ ಕೊಟ್ಟಿಗೆಗೆ ಮೊದಲು ಬಂದವಳು ಇಂಚರ. ಸಗಣಿ ತುಳಿದುಕೊಂಡೇ ಹಸುವಿನ ಬಳಿಗೆ ಹೋಗಿ ನಿಂತಳು.

ನೀತಿ: ಮನೆಯಲ್ಲಿ ಕೂತು ಎಷ್ಟು ಸಲ ಬೇಕಾದರೂ ನೋಡಿ ಕಲಿಯಿರಿ, ಅದು ಒಳ್ಳೆಯದೇ. ಆದರೆ ಗುರುವಿನ ಎದುರು ನಿಂತು ಕೇಳದ, ಕೈಯಿಂದ ಮುಟ್ಟಿ ನೋಡದ ವಿದ್ಯೆ ಕನ್ನಡಿಯೊಳಗಿನ ಗಂಟು. ಅದನ್ನು ನಂಬಿ ಇನ್ನೊಂದು ಜೀವಕ್ಕೆ ಸೂಜಿ ಹಿಡಿಯಬಾರದು.